ಅಪ್ಪನ ಅಂಬಾಸಿಡರ್‌ನ ಟಾಪ್ ಕತ್ತರಿಸಬೇಡಿ

ಪ್ರಶ್ನೆ

ನಾನು ಕೆಜಿಎಫ್‌ನವನು, ವಯಸ್ಸು 34. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಆಪರೇಟರ್. ನಮ್ಮಪ್ಪ ಚಿನ್ನದ ಗಣಿ ಕಂಪನಿ ಬಿಜಿಎಂಎಲ್‌ನ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ಗಣಿಯ ಆಫೀಸರ್ ಒಬ್ಬರು ಊರು ಬಿಟ್ಟು ಹೋಗುವಾಗ ಅವರ ಹತ್ತಿರ 1967ರ ಮಾರ್ಕ್ 2 ಅಂಬಾಸಿಡರ್ ಕೊಂಡುಕೊಂಡಿದ್ದರು. ಗಣಿ ಮುಚ್ಚಿದ ಮೇಲೂ ಕೆಲವು ವರ್ಷ ಓಡಿಸಿದರು. ಭಾನುವಾರ ನಮ್ಮನ್ನೆಲ್ಲ ಕೂರಿಸಿಕೊಂಡು ಬಂಗಾರಪೇಟೆಗೆ ಪಾನಿಪುರಿ ತಿನ್ನಿಸೋಕೆ ಕರಕೊಂಡು ಹೋಗ್ತಿದ್ದರು. ಆಮೇಲೆ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ನಿಂತ ಕಾರು ನಿಂತೇ ಇದೆ. ಅಪ್ಪ ಹೋದ ವರ್ಷ ತೀರಿಕೊಂಡರು.

ನನಗೆ ಚಿಕ್ಕಂದಿನಿಂದ ಹಾಟ್ ರಾಡ್ ಕಾರುಗಳ ಹುಚ್ಚು. ಈ ಕಾರನ್ನು ಮನೆಯಲ್ಲೇ ಹಾಗೆ ಮಾಡಬೇಕು ಅಂತ ಆಸೆ. ಟಾಪ್ ಕುಯ್ದು ನಾಲ್ಕು ಇಂಚು ತಗ್ಗಿಸೋದು, ಬಾನೆಟ್ ತೆಗೆದು ಎಂಜಿನ್ ಕಾಣೋ ಹಾಗೆ ಬಿಡೋದು, ಕ್ವಾಲಿಸ್ ಡೀಸೆಲ್ ಎಂಜಿನ್ ಕೂರಿಸೋದು, ಹಿಂದೆ ಅಗಲದ ಟೈರ್ ಹಾಕೋದು. ಬಂಗಾರಪೇಟೆಯಲ್ಲಿ ನನ್ನ ಬಾಮೈದನದ್ದು ವೆಲ್ಡಿಂಗ್ ಶಾಪ್ ಇದೆ. 'ತಗೊಂಡು ಬಾ ಬಾವ, ಯುಗಾದಿ ಆದ ತಕ್ಷಣ ಟಾಪ್ ಕತ್ತರಿಸಿಬಿಡೋಣ' ಅಂತಾನೆ. ನನ್ನ ಹತ್ತಿರ ಚೀಟಿ ಎತ್ತಿದ ಎರಡು ಲಕ್ಷ ಇದೆ. ಹೆಂಡತಿ ಅದು ಮಗಳ ಸ್ಕೂಲಿಗೆ ಅಂತ ಇಟ್ಟಿದ್ದು ಅಂತಾಳೆ. ಅಣ್ಣ, 'ಗುಜರಿಗೆ ಹಾಕು, ಬಂದಷ್ಟು ಪಾಲು ಮಾಡಿಕೊಳ್ಳೋಣ' ಅಂತಾನೆ. ಅಮ್ಮ ಏನೂ ಹೇಳಲ್ಲ. ಶೆಡ್ಡಿನ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡ್ತಾರೆ. ಯಾರ ಮಾತು ಕೇಳಲಿ? ನಾನು ಮಾಡೋದು ತಪ್ಪಾ? ದಯವಿಟ್ಟು ದಾರಿ ಹೇಳಿ. ಹೆಸರು ಹಾಕಬೇಡಿ.

ಉತ್ತರ

ನಿಮ್ಮ ಆಸೆ ತಪ್ಪಲ್ಲ. ಫಿಟರ್‌ನ ಮಗ, ಲೋಹದ ಕೆಲಸವೇ ಕಸುಬಾಗಿರುವವನು, ಅಪ್ಪ ಬಿಟ್ಟುಹೋದ ಕಾರಿಗೆ ಕೈ ಹಾಕಬೇಕೆಂದು ಬಯಸುವುದು ಸಹಜ. ಆದರೆ ನೀವು ಬರೆದಿರುವ ನಾಲ್ಕು ಕೆಲಸಗಳಲ್ಲಿ ಮೊದಲ ಮೂರನ್ನು ಮಾಡಬೇಡಿ. ನಾಲ್ಕನೆಯದನ್ನು ಈಗಲೇ ಮಾಡಬೇಡಿ. ಗುಜರಿಗೂ ಹಾಕಬೇಡಿ. ಈ ಎರಡರ ನಡುವೆ ಒಳ್ಳೆಯ ದಾರಿ ಇದೆ. ಅದರ ಸೂತ್ರ ಒಂದೇ: ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಬಹುದಾದ ಕೆಲಸವನ್ನು ಧೈರ್ಯವಾಗಿ ಮಾಡಿ; ಒಮ್ಮೆ ಕುಯ್ದರೆ ವಾಪಸು ಬಾರದ್ದನ್ನು ಮುಟ್ಟಬೇಡಿ. ಕಾರಿಗೂ ಇದೇ ಸೂತ್ರ, ಮನೆಗೂ ಇದೇ.

ಟಾಪ್ ಯಾಕೆ ಕತ್ತರಿಸಬಾರದು

ಹಾಟ್ ರಾಡ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1930 ಮತ್ತು 40ರ ದಶಕಗಳಲ್ಲಿ. ಕೈಯಲ್ಲಿ ಕಾಸಿಲ್ಲದ, ಆದರೆ ಕೈಚಳಕವಿದ್ದ ಹುಡುಗರು ಹಳೆ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಭಾರ ಕಳೆದು, ಎಂಜಿನ್ ತಿದ್ದಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿ ವೇಗ ಅಳೆಯುತ್ತಿದ್ದರು. ಅವರ ಅಚ್ಚುಮೆಚ್ಚಿನ ಕಾರು 1932ರ ಫೋರ್ಡ್. ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ವಿ-8 ಎಂಜಿನ್ ಬಂದದ್ದು ಅದರಲ್ಲೇ. ಆ ಫೋರ್ಡ್‌ಗೆ ಕೆಳಗೆ ಏಣಿಯಂಥ ಗಟ್ಟಿ ಛಾಸಿ ಬೇರೆಯೇ ಇತ್ತು, ಬಾಡಿ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಭಾರವನ್ನೆಲ್ಲ ಛಾಸಿಯೇ ಹೊರುತ್ತಿದ್ದರಿಂದ ಟಾಪ್ ಕುಯ್ದರೂ, ಬಾಡಿ ಅರ್ಧ ಕಿತ್ತರೂ ಕಾರು ನಿಲ್ಲುತ್ತಿತ್ತು.

ನಿಮ್ಮ ಅಂಬಾಸಿಡರ್ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಮಾಡಿದ ಈ ಕಾರಿಗೆ ಬೇರೆ ಛಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಪೆಟ್ಟಿಗೆ, ಕಂಬಗಳು, ಟಾಪ್ ಎಲ್ಲ ಸೇರಿ ಒಂದೇ ಬೆಸುಗೆ. ತೊಲೆ-ಕಂಬ ಇಲ್ಲದೆ ಗೋಡೆಯೇ ಸೂರಿನ ಭಾರ ಹೊರುವ ಮನೆ ಇದ್ದ ಹಾಗೆ. ಇದರ ಕಂಬಗಳನ್ನು ಕುಯ್ದು ಟಾಪ್ ತಗ್ಗಿಸಿದರೆ ಆ ಬೆಸುಗೆಯ ಬಿಗಿ ಹೋಗುತ್ತದೆ. ಬಾಗಿಲು ಸರಿಯಾಗಿ ಕೂರುವುದಿಲ್ಲ, ಗಾಜು ಸೀಳುತ್ತದೆ, ಅಪಘಾತವಾದರೆ ಒಳಗಿರುವವರ ಮೇಲೆ ಟಾಪ್ ಕುಸಿಯುತ್ತದೆ. ನಿಮ್ಮ ಬಾಮೈದನ ವೆಲ್ಡಿಂಗ್ ಎಷ್ಟೇ ಚೆನ್ನಾಗಿರಲಿ, ಕಾರ್ಖಾನೆ ಲೆಕ್ಕ ಹಾಕಿ ಕೊಟ್ಟ ಬಲ ಮರಳುವುದಿಲ್ಲ. ಆ ಕಾರಿನಲ್ಲಿ ನಾಳೆ ಕೂರುವವಳು ನಿಮ್ಮ ಮಗಳು.

ಎಂಜಿನ್ ಬದಲಾಯಿಸುವ ಮಾತಿಗೂ ಇದೇ ಉತ್ತರ. ಕ್ವಾಲಿಸ್ ಎಂಜಿನ್ ಕೂರಿಸಬೇಕಾದರೆ ಮೌಂಟಿಂಗ್ ಕುಯ್ಯಬೇಕು, ಗೇರ್‌ಬಾಕ್ಸ್‌ಗೆ ಜಾಗ ಮಾಡಲು ನೆಲ ಕುಯ್ಯಬೇಕು. 1967ರಲ್ಲಿ ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್‌ಗೆಂದು ಮಾಡಿದ ಡ್ರಮ್ ಬ್ರೇಕ್, ಸ್ಟೇರಿಂಗ್, ಮುಂದಿನ ಟಾರ್ಷನ್ ಬಾರ್‌ಗಳು ಹಾಗೇ ಇರುತ್ತವೆ. ಓಡುವ ಶಕ್ತಿ ಹೆಚ್ಚಿಸಿ ನಿಲ್ಲುವ ಶಕ್ತಿಯನ್ನು ಹಳೆಯದರಲ್ಲೇ ಬಿಟ್ಟರೆ ಅದು ಸಾವಿಗೆ ಕರೆ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸ್ಪಷ್ಟವಾಗಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದೆ ಮಾಡಿಸಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇನ್ನೊಂದು ಅಪಾಯವೂ ಇದೆ. ಇಂಥ ಕಾರು ಯಾರಿಗಾದರೂ ಗುದ್ದಿದರೆ, ಮಾರ್ಪಾಡನ್ನು ಮುಚ್ಚಿಟ್ಟಿದ್ದೀರಿ ಎಂದು ವಿಮಾ ಕಂಪನಿ ಕೈ ತೊಳೆದುಕೊಳ್ಳಬಹುದು. ಆಗ ಪರಿಹಾರದ ಹೊರೆ ನಿಮ್ಮ ಮನೆಯ ಮೇಲೆ ಬೀಳುತ್ತದೆ.

ಆದರೆ ಇದೇ ಕಾನೂನಿನಲ್ಲಿ ನಿಮಗೊಂದು ಬಾಗಿಲು ತೆರೆದಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಛಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲ ರೂಪದಲ್ಲಿರುವ ದ್ವಿಚಕ್ರ, ನಾಲ್ಕು ಚಕ್ರದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದಿರುವ ನಂಬರ್ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ಶುಲ್ಕ ಎಂದು ನಿಯಮ ಹೇಳುತ್ತದೆ. ನಿಮ್ಮ 1967ರ ಕಾರು ವಯಸ್ಸಿನ ಲೆಕ್ಕದಲ್ಲಿ ಆಗಲೇ ಅರ್ಹ. ಟಾಪ್ ಕತ್ತರಿಸಿದ ದಿನ ಈ ಅರ್ಹತೆ ಶಾಶ್ವತವಾಗಿ ಹೋಗುತ್ತದೆ.

ಇದಕ್ಕೊಂದು ಮಿತಿಯೂ ಇದೆ. ವಿಂಟೇಜ್ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಭಾನುವಾರ ಬಂಗಾರಪೇಟೆಗೆ ಹೋಗಬೇಕು ಎನ್ನುವುದು ನಿಮ್ಮ ಇಷ್ಟವಾದರೆ ಸಾಮಾನ್ಯ ನೋಂದಣಿಯನ್ನೇ ಮುಂದುವರಿಸಿ. 15 ವರ್ಷ ದಾಟಿದ ಖಾಸಗಿ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒ ತಪಾಸಣೆಗೆ ಒಡ್ಡಿ ನವೀಕರಿಸಿಕೊಳ್ಳಬಹುದು. ಮೊದಲು ಸಾಮಾನ್ಯ ನವೀಕರಣ ಮಾಡಿಸಿ, ಕಾರನ್ನು ಮೂಲ ರೂಪದಲ್ಲೇ ಇಟ್ಟುಕೊಳ್ಳಿ. ವಿಂಟೇಜ್ ದಾರಿ ಮುಂದೆಯೂ ತೆರೆದೇ ಇರುತ್ತದೆ.

ಹಾಟ್ ರಾಡ್ ಆಸೆಗೆ ಏನು ಮಾಡುವುದು

ನಮ್ಮ ನಾಡಿಗೂ ಮನೆಯಲ್ಲಿ ತಿದ್ದಿದ ಕಾರುಗಳ ಪರಂಪರೆ ಇದೆ, ಅದು ಟಾಪ್ ಕತ್ತರಿಸುವ ಪರಂಪರೆಯಲ್ಲ. ಮದರಾಸಿನ ಹತ್ತಿರದ ಶೋಳವರಂನಲ್ಲಿ ಯುದ್ಧಕಾಲದ ಹಳೆ ವಿಮಾನದ ಓಡುದಾರಿ ಇತ್ತು. 1950ರ ದಶಕದಿಂದ ಹಲವು ವರ್ಷ ಅಲ್ಲಿ ಮೋಟಾರು ರೇಸ್ ನಡೆಯಿತು. ಬೆಂಗಳೂರಿನವರೂ ಹೋಗುತ್ತಿದ್ದರು. ಹೊರದೇಶದ ಕಾರು ತರಿಸುವುದು ಕಷ್ಟವಾಗಿದ್ದ ಕಾಲ ಅದು. ನಮ್ಮವರು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಎಂಜಿನ್‌ಗಳನ್ನೇ ಲೇತ್ ಮೇಲೆ, ಕೈಯಲ್ಲಿ ತಿದ್ದಿ ವೇಗ ತೆಗೆದರು. ಕಾಸು ಕಡಿಮೆ, ಕೆಲಸ ಹೆಚ್ಚು ಎನ್ನುವ ಹಾಟ್ ರಾಡ್‌ನ ನಿಜವಾದ ಗುಣ ಅಲ್ಲಿತ್ತು.

ನಿಮ್ಮ ಕಾರಿನ ಬಾನೆಟ್ ಕೆಳಗೆ ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ ಎಂಜಿನ್ ಇದೆ. 1489 ಸಿಸಿಯ ಆ ಬಿ-ಸೀರೀಸ್ ಎಂಜಿನ್ ಇಂಗ್ಲೆಂಡಿನಲ್ಲಿ 1955ರಲ್ಲಿ ಬಂದ ಎಂಜಿಎ ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಎರಡು ಎಸ್‌ಯು ಕಾರ್ಬ್ಯುರೇಟರ್, ಬೇರೆ ಕ್ಯಾಮ್, ಸರಾಗ ಉಸಿರಾಡುವ ಹೆಡ್ ಕೊಟ್ಟು ಅದರಿಂದ ಸುಮಾರು 70 ಅಶ್ವಶಕ್ತಿ ತೆಗೆಯುತ್ತಿದ್ದರು. ಆ ಎಂಜಿನ್‌ನ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ತಯಾರಾಗುತ್ತವೆ. ನಿಮ್ಮ ಎಂಜಿನ್‌ಗೂ ಹಾಗೆ ಎರಡು ಕಾರ್ಬ್ಯುರೇಟರ್ ಕೂರಿಸಬಹುದು: ಎಂಜಿನ್ ನಂಬರ್ ಅದೇ, ಸಿಸಿ ಅದೇ, ಇಂಧನ ಅದೇ. ಹಳೆ ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಎರಡನ್ನೂ ಎಣ್ಣೆ ಹಚ್ಚಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊದಲಿನ ಸ್ಥಿತಿಗೆ ತರಬಹುದು. ಇದನ್ನು ಮಾಡುವ ಮೊದಲು ಆರ್‌ಟಿಒ ಹತ್ತಿರ ಲಿಖಿತವಾಗಿ ಕೇಳಿಕೊಳ್ಳಿ. ವಿಂಟೇಜ್ ನೋಂದಣಿಯೇ ಬೇಕೆಂದರೆ ಎಂಜಿನ್‌ಗೆ ಈ ಬದಲಾವಣೆಯೂ ಬೇಡ.

ಮುಂಭಾಗ ಸ್ವಲ್ಪ ತಗ್ಗಿ ಕೂರುವ ನೋಟ ಬೇಕೇ? ಅಂಬಾಸಿಡರ್‌ನ ಮುಂದಿನ ಟಾರ್ಷನ್ ಬಾರನ್ನು ಹಲ್ಲು ಬದಲಿಸಿ ಕೂರಿಸಿ ಎತ್ತರ ಹೊಂದಿಸಬಹುದು. ಕುಯ್ಯುವ ಕೆಲಸವೇ ಇಲ್ಲ. ಸೀಟು, ಒಳಗಿನ ಬಟ್ಟೆ, ಗೇಜು ಎಲ್ಲ ನಿಮ್ಮಿಷ್ಟ. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲಿ ನಮೂದು ಮಾಡಿಸಿ. ಟೈರ್ ಮಾತು ಬ್ರೇಕ್ ಕೆಲಸ ಮುಗಿದ ಮೇಲೆ.

ಕೆಲಸದ ಕ್ರಮ

ಮೊದಲು ಕಾಗದ. ಕಾರು ಈಗಲೂ ನಿಮ್ಮ ತಂದೆಯ ಹೆಸರಿನಲ್ಲಿದೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಹಾಕಬೇಕು. ತಡವಾಗಿದ್ದರೆ ದಂಡ ಕಟ್ಟಿ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಕುಟುಂಬ ಸದಸ್ಯರ ದೃಢೀಕರಣ, ಅಮ್ಮ ಮತ್ತು ಅಣ್ಣನ ಒಪ್ಪಿಗೆ ಪತ್ರ ಬೇಕಾಗುತ್ತವೆ. ಆರ್‌ಸಿ ಪುಸ್ತಕ ಸಿಗದಿದ್ದರೆ ಪೊಲೀಸ್ ದೂರು ಕೊಟ್ಟು ಫಾರ್ಮ್ 26ರಲ್ಲಿ ನಕಲು ಪಡೆಯಿರಿ. ಆ ಕಾಲದ ದಾಖಲೆ ಕೈಬರಹದ ರಿಜಿಸ್ಟರಿನಲ್ಲಿ ಉಳಿದು ಕಂಪ್ಯೂಟರಿಗೆ ಏರಿಲ್ಲದಿರಬಹುದು. ಏರಿಸಿಕೊಡಲು ನಿಮ್ಮ ಊರಿನ ಕೆಎ-08 ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಡಿ. ಈ ಕೆಲಸ ಮುಗಿಯುವವರೆಗೆ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬೇಡಿ.

ಎರಡನೆಯದು ತುಕ್ಕಿನ ತಪಾಸಣೆ. ರಬ್ಬರ್ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್‌ನ ಹಿಡಿಯಿಂದ ನೆಲವನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗೆ ತಿಂದುಹೋದದ್ದು ಡಬ್ ಎಂದು ಸಪ್ಪೆ ಸದ್ದು ಮಾಡುತ್ತದೆ. ಸಪ್ಪೆ ಸದ್ದು ಬಂದ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಾಗಿಲ ಕೆಳಗಿನ ಪೆಟ್ಟಿಗೆ, ಜಾಕ್ ಕೊಡುವ ಜಾಗ, ಹಿಂದಿನ ಪಟ್ಟೆ ಸ್ಪ್ರಿಂಗ್ ಹಿಡಿದಿರುವ ಕೊಂಡಿಗಳು, ಡಿಕ್ಕಿಯ ನೆಲ, ಈ ನಾಲ್ಕು ಕಡೆ ವಿಶೇಷ ಗಮನವಿರಲಿ. ಇಲ್ಲಿ ಪುಟ್ಟಿ ಮೆತ್ತಿ ಮುಚ್ಚುವುದು ಮಹಾಪರಾಧ. ಕೊಳೆತದ್ದನ್ನು ತೆಗೆದು ಅದೇ ದಪ್ಪದ ಹೊಸ ತಗಡು ಬೆಸೆಯಬೇಕು. ನಿಮ್ಮ ಬಾಮೈದನ ಕೈಕೆಲಸ ಬೇಕಾಗುವುದು ಇಲ್ಲೇ. ಕತ್ತರಿಸುವ ಉತ್ಸಾಹವನ್ನು ಜೋಡಿಸುವ ಕಡೆ ತಿರುಗಿಸಿ, ಅವನಿಗೂ ಹೆಮ್ಮೆಯಾಗುತ್ತದೆ.

ಮೂರನೆಯದು ಬ್ರೇಕ್. ಎಂಜಿನ್ ಆಮೇಲೆ. 1967ರ ಈ ಕಾರಿನ ಬ್ರೇಕ್ ಎಣ್ಣೆಗೆ ಒಂದೇ ಮಾರ್ಗ. ನಾಲ್ಕು ಚಕ್ರಗಳಲ್ಲಿ ಎಲ್ಲಿ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ಒಂದೂ ಹಿಡಿಯುವುದಿಲ್ಲ. ಆದ್ದರಿಂದ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರ್, ಹೋಸ್‌ಗಳು, ಉಕ್ಕಿನ ಕೊಳವೆಗಳು ಎಲ್ಲವನ್ನೂ ಹೊಸದು ಮಾಡಿ. ಬ್ರೇಕ್‌ಗೆ ಎಂಜಿನ್ ಆಯಿಲ್ ತಾಗಿದರೂ ರಬ್ಬರ್ ಉಬ್ಬಿ ಕೆಡುತ್ತದೆ, ಎಚ್ಚರ. ಮುಂದೆ ಡಿಸ್ಕ್ ಬ್ರೇಕ್ ಬೇಕೆನಿಸಿದರೆ ನಂತರದ ಅಂಬಾಸಿಡರ್‌ಗಳಲ್ಲಿ ಬಂದದ್ದನ್ನು ಹುಡುಕಬಹುದು. ಆದರೆ ಚೆನ್ನಾಗಿ ಮಾಡಿದ ಡ್ರಮ್ ಬ್ರೇಕ್ ಹಳೆ ಎಂಜಿನ್‌ಗೆ ಸಾಕು.

ನಾಲ್ಕನೆಯದು ಎಂಜಿನ್. ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ ಸಿಲಿಂಡರ್ ಗೀರುತ್ತದೆ, ರಿಂಗ್ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ನಂತರ ಮುಂದಿನ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಜುಲುಮೆ ಮಾಡದೆ ಮತ್ತೆ ನೆನೆಸಿ. ಸಲೀಸಾಗಿ ತಿರುಗಿದ ಮೇಲೆ ಹೊಸ ಆಯಿಲ್ ತುಂಬಿ, ಪ್ಲಗ್ ಇಲ್ಲದೆಯೇ ತಿರುಗಿಸಿ ಆಯಿಲ್ ಮೇಲೇರಿದ್ದನ್ನು ಖಚಿತ ಮಾಡಿಕೊಂಡೇ ಕಿಡಿ ಕೊಡಿ. ಬ್ಯಾಟರಿ ಜೋಡಿಸುವ ಮುನ್ನ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ನೋಡಿ. ಆ ಕಾಲದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಪ್ಲಸ್ ಅರ್ತ್ ಇರುವುದುಂಟು. ಬಿಚ್ಚುವ ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆಯಿರಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಇನ್ನು ಪೆಟ್ರೋಲ್. ಈ ಎಂಜಿನ್ ಹುಟ್ಟಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸವಿತ್ತು; 2000ದಲ್ಲಿ ದೇಶದಾದ್ಯಂತ ಸೀಸರಹಿತವಾಯಿತು. ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಮುಂದೆ ತೊಂದರೆ ಇಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್‌ಗಳನ್ನು ತಿನ್ನುತ್ತದೆ, ತೇವ ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಎಥನಾಲ್ ತಡೆಯುವ ಹೋಸ್ ಹಾಕಿ, ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ.

ನಿಮ್ಮ ಎದೆ, ನಿಮ್ಮ ಕೈ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಬಣ್ಣ ತೆಗೆಯಲು ಮರಳು ಹೊಡೆಸುವ ಯೋಚನೆ ನಿಮಗೆ ಬರಬಹುದು. ಮನೆಯಲ್ಲಿ ಮಾಡಬೇಡಿ. ಮರಳು ಒಡೆದಾಗ ಏಳುವ ಸಣ್ಣ ದೂಳಿನಲ್ಲಿರುವ ಸಿಲಿಕಾ, ಕೆಜಿಎಫ್ ಗಣಿಯಾಳುಗಳ ಎದೆ ತಿಂದ ಸಿಲಿಕೋಸಿಸ್‌ಗೆ ಕಾರಣವಾದ ಅದೇ ವಸ್ತು. ಆ ಕೆಮ್ಮು ಹೇಗಿರುತ್ತದೆಂದು ನಿಮ್ಮ ಊರಿನ ಮನೆಗಳಿಗೆ ನಾನು ಹೇಳಬೇಕಾಗಿಲ್ಲ. ಅಪ್ಪಂದಿರ ಪೀಳಿಗೆ ಹೊಟ್ಟೆಪಾಡಿಗಾಗಿ ಉಸಿರಾಡಿದ್ದನ್ನು ಮಗ ಹವ್ಯಾಸಕ್ಕಾಗಿ ಉಸಿರಾಡಬಾರದು. ಬಣ್ಣ ಕಳಚುವ ದ್ರಾವಣ ಬಳಸಿ, ನೀರು ಹಾಕಿ ಉಜ್ಜುವ ಕಾಗದ ಬಳಸಿ, ಒಳ್ಳೆಯ ಮಾಸ್ಕ್ ಹಾಕಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಮಗಳನ್ನು ಶೆಡ್ಡಿನ ಹತ್ತಿರ ಬಿಡಬೇಡಿ.

ಹಳೆ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿ ಗಾಳಿ ಹೊಡೆದು ದೂಳು ಹಾರಿಸುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಹಾಗೆ ಮಾಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಕಟ್ಟಿ ಬಿಸಾಡಿ. ಎರಡು ಭಾಗ ಬೆರೆಸುವ ಪಿಯು ಪೇಂಟಿನ ಹೊಗೆಯನ್ನು ಸಾಮಾನ್ಯ ಮಾಸ್ಕ್ ತಡೆಯುವುದಿಲ್ಲ. ಕೊನೆಯ ಬಣ್ಣವನ್ನು ಬೂತ್ ಇರುವ ಕಡೆ ಮಾಡಿಸಿ. ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗಬೇಡಿ. ಇಟ್ಟಿಗೆ, ಟೊಳ್ಳು ಬ್ಲಾಕ್‌ಗಳು ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ. ಉಕ್ಕಿನ ಆ್ಯಕ್ಸಲ್ ಸ್ಟ್ಯಾಂಡ್ ನಾಲ್ಕು ಕೊಂಡುಕೊಳ್ಳಿ, ನಿಮ್ಮ ಮೊದಲ ಖರೀದಿ ಅದಾಗಲಿ. ಪೆಟ್ರೋಲ್ ಟ್ಯಾಂಕನ್ನು, ಅದು ಎಷ್ಟೇ ಖಾಲಿ ಕಾಣಲಿ, ಮನೆಯಲ್ಲಿ ವೆಲ್ಡ್ ಮಾಡಿಸಬೇಡಿ. ಕೆಜಿಎಫ್‌ನಲ್ಲಿ ಗಾಳಿ ಎದ್ದರೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಬಿಳಿ ದೂಳು ಮನೆಯೊಳಗೂ ಬರುತ್ತದೆ. ಬಿಚ್ಚಿದ ಎಂಜಿನ್ನಿನೊಳಗೆ ಆ ದೂಳು ಹೋದರೆ ಬೇರಿಂಗ್ ಉಜ್ಜಿಹೋಗುತ್ತದೆ. ಪ್ರತಿ ಸಂಜೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ.

ದುಡ್ಡು ಮತ್ತು ಮನೆ

ನಿಮ್ಮ ಹೆಂಡತಿ ಹೇಳುವುದು ಸರಿ. ಚೀಟಿ ದುಡ್ಡು ಮಗಳ ಸ್ಕೂಲಿಗೆಂದು ಎತ್ತಿದ್ದರೆ ಅದು ಸ್ಕೂಲಿಗೇ ಹೋಗಲಿ. ಅವರ ಹೆಸರಿಗೇ ಹಾಕಿಬಿಡಿ, ಇವತ್ತೇ. ಹಳೆ ಕಾರಿನ ಕೆಲಸದ ಖರ್ಚು ಮೊದಲು ಅಂದುಕೊಂಡಷ್ಟಕ್ಕೆ ನಿಲ್ಲುವುದಿಲ್ಲ. ಒಂದು ಬಿಚ್ಚಿದರೆ ಎರಡು ಕಾಣುತ್ತದೆ. ಆದ್ದರಿಂದ ಇಬ್ಬರೂ ಕೂತು ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಗೊತ್ತು ಮಾಡಿ. ಆ ತಿಂಗಳ ಹಣ ಮುಗಿದರೆ ಆ ತಿಂಗಳ ಕೆಲಸವೂ ಮುಗಿಯಿತು. ಸಾಲ ಮಾಡಬೇಡಿ, ಚಿನ್ನ ಅಡ ಇಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬಿಲ್ಲನ್ನೂ ಬರೆಯಿರಿ, ಆ ಪುಸ್ತಕ ಹೆಂಡತಿಯ ಕೈಯಲ್ಲಿರಲಿ. ಭಾನುವಾರ ಪೂರ್ತಿ ಶೆಡ್ಡಿಗೆ ಕೊಡಬೇಡಿ. ಅರ್ಧ ದಿನ ಮನೆಗೆ.

ಅಣ್ಣನ ಮಾತಿನಲ್ಲೂ ನ್ಯಾಯವಿದೆ. ಕಾರು ಅಪ್ಪನದ್ದು, ಹಕ್ಕು ಎಲ್ಲರದ್ದು. ಗುಜರಿಯವರು ತೂಕಕ್ಕೆ ಎಷ್ಟು ಕೊಡುತ್ತಾರೆಂದು ಕೇಳಿಸಿ, ಹಳೆ ಕಾರು ಬಲ್ಲವರಿಂದ ಇದ್ದ ಸ್ಥಿತಿಯ ಬೆಲೆ ಕಟ್ಟಿಸಿ. ಎರಡರಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿದು ಅಣ್ಣನ ಪಾಲನ್ನು ಕಂತಿನಲ್ಲಾದರೂ ಕೊಡುತ್ತೇನೆಂದು ಬರೆದುಕೊಡಿ. ಅವರು ಬೇಡ ಅನ್ನಬಹುದು, ಅದು ಅವರ ದೊಡ್ಡತನ. ಕೊಡುತ್ತೇನೆ ಅನ್ನುವುದು ನಿಮ್ಮ ಕರ್ತವ್ಯ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವುದು ಇದಾದ ಮೇಲೆ.

ಅಮ್ಮನ ಮೌನವನ್ನು ಒಪ್ಪಿಗೆ ಎಂದೂ ವಿರೋಧ ಎಂದೂ ತಿಳಿಯಬೇಡಿ. ಗಂಡ ತೀರಿಕೊಂಡು ಇನ್ನೂ ವರ್ಷ ಕಳೆದದ್ದಷ್ಟೇ. 'ಅಮ್ಮ, ಕಾರು ಕತ್ತರಿಸಲ್ಲ, ಅಪ್ಪ ಇಟ್ಟುಕೊಂಡಿದ್ದ ಹಾಗೇ ಮಾಡ್ತೀನಿ. ನಿನಗೆ ಇಷ್ಟವಿಲ್ಲದಿದ್ದರೆ ಶೆಡ್ಡಿನ ಬಾಗಿಲೇ ತೆಗೆಯಲ್ಲ' ಎಂದು ಹೇಳಿ, ಅವರು ಉತ್ತರಿಸುವವರೆಗೆ ಕಾಯಿರಿ. ಅವಸರ ಬೇಡ. ಇಷ್ಟು ವರ್ಷ ನಿಂತ ಕಾರು ಇನ್ನೊಂದು ಮಳೆಗಾಲ ನಿಲ್ಲಬಲ್ಲದು.

ಯಾರ ನೆರವು ಪಡೆಯಬೇಕು

ಅಂಬಾಸಿಡರ್ 2014ರವರೆಗೂ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ತಯಾರಾದದ್ದು ನಿಮ್ಮ ಅದೃಷ್ಟ. ಬಿಡಿಭಾಗಗಳು ಇನ್ನೂ ಸಿಗುತ್ತವೆ. ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳು, ಅಲ್ಲಿ ಸಿಗದಿದ್ದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಚೆನ್ನೈನ ಪುದುಪೇಟೆ. ಮಾರ್ಕ್ 2ಕ್ಕೆ ಮಾತ್ರ ಸೇರಿದ ಗ್ರಿಲ್, ದೀಪದ ಚೌಕಟ್ಟು ಇಂಥವು ನಿಮ್ಮಲ್ಲಿದ್ದರೆ ಜೋಪಾನ, ಅವು ಮತ್ತೆ ಸಿಗುವುದು ಕಷ್ಟ. ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್‌ನವರ ಪ್ರದರ್ಶನಕ್ಕೆ ಒಮ್ಮೆ ಹೋಗಿ ನೋಡಿ. ಶ್ರೀರಂಗಪಟ್ಟಣದ ಹತ್ತಿರದ ಪಯಣ ವಾಹನ ಸಂಗ್ರಹಾಲಯಕ್ಕೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.

ಇವೆಲ್ಲಕ್ಕಿಂತ ದೊಡ್ಡ ನೆರವು ನಿಮ್ಮ ಊರಲ್ಲೇ ಇದೆ. 2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಮುಚ್ಚಿದಾಗ ಗಣಿಯ ಯಂತ್ರಗಳು ನಿಂತಲ್ಲೇ ತುಕ್ಕು ಹಿಡಿದವು, ಆದರೆ ಅವನ್ನು ನಡೆಸಿದ ಕೈಗಳು ಇನ್ನೂ ಇವೆ. ಕೋರಮಂಡಲ್, ಊರಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ ಲೈನುಗಳಲ್ಲಿ ನಿಮ್ಮ ಅಪ್ಪನ ಜತೆ ಕೆಲಸ ಮಾಡಿದ ಫಿಟರ್, ಟರ್ನರ್, ವೆಲ್ಡರ್‌ಗಳು ಇದ್ದಾರೆ. 1964ರಲ್ಲಿ ಶುರುವಾದ ಬೆಮೆಲ್ ಕಾರ್ಖಾನೆಯಿಂದ ನಿವೃತ್ತರಾದವರೂ ಇದ್ದಾರೆ. ಅಳತೆ ಪಟ್ಟಿ ಇಲ್ಲದೆ ಬೆರಳಿನಲ್ಲಿ ಮುಟ್ಟಿ ಬೇರಿಂಗ್ ಸವೆತ ಹೇಳಬಲ್ಲವರು ಅವರು. ವಯಸ್ಸು ಯಾರನ್ನೂ ಕಾಯುವುದಿಲ್ಲ. ಅಂಥ ಒಬ್ಬ ಮೇಸ್ತ್ರಿಯನ್ನು ಹುಡುಕಿ, ಕುರ್ಚಿ ಹಾಕಿ ಕೂರಿಸಿ, ಗೌರವದ ಸಂಭಾವನೆ ಕೊಟ್ಟು ಕಲಿಯಿರಿ. ಸಿಎನ್‌ಸಿ ಯಂತ್ರದ ಕರಾರುವಾಕ್ಕುತನ ನಿಮಗೆ ಗೊತ್ತು. ಕೈಯ ಅಂದಾಜು ಅವರು ಕಲಿಸುತ್ತಾರೆ.

ಈಗ ಮಾಡಬೇಕಾದ್ದು ಇಷ್ಟು. ಬಾಮೈದನಿಗೆ ಇವತ್ತೇ ಫೋನ್ ಮಾಡಿ ಟಾಪ್ ಕೆಲಸ ಇಲ್ಲ, ನೆಲದ ತಗಡಿನ ಕೆಲಸ ಇದೆ ಎಂದು ಹೇಳಿ. ಚೀಟಿ ದುಡ್ಡನ್ನು ಹೆಂಡತಿಗೆ ಒಪ್ಪಿಸಿ. ಅಮ್ಮನ ಹತ್ತಿರ, ಅಣ್ಣನ ಹತ್ತಿರ ಮಾತಾಡಿ. ಅವರು ಒಪ್ಪಿದ ಮೇಲೆ ಕಾಗದಗಳನ್ನು ಜೋಡಿಸಿಕೊಂಡು ಆರ್‌ಟಿಒ ಕಚೇರಿಗೆ ಹೋಗಿ. ಕಾರು ನಿಮ್ಮ ಹೆಸರಿಗೆ ಬಂದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ. ಬ್ರೇಕ್ ಕೆಲಸದ ಬಗ್ಗೆ ಆಗ ವಿವರವಾಗಿ ಮಾತಾಡೋಣ.